ತನ್ನದೇ ಯಂತ್ರದ ಮುಂದೆ ಕೂಲಿ

ಬೆಳಗಿನ ಐದೂವರೆ. ಬೈಂಡಿಂಗ್ ಅಂಗಡಿಯ ಷಟರನ್ನು ಸೊಂಟದೆತ್ತರಕ್ಕೆ ಎತ್ತಿ, ಬಗ್ಗಿ ಒಳಗೆ ಬರುವ ಹೆಂಗಸು ಲೈಟ್ ಹಾಕುವ ಮೊದಲೇ ಎಣ್ಣೆಯ ಡಬ್ಬಿಗೆ ಕೈಹಾಕುತ್ತಾರೆ. ಕಾಗದ ಕತ್ತರಿಸುವ ಯಂತ್ರದ ಚಕ್ರಕ್ಕೆ ಎರಡು ಹನಿ, ಬ್ಲೇಡಿನ ಎರಡೂ ತುದಿಗೆ ಒಂದೊಂದು. ಎಲ್ಲಿ ಬಿಡಬೇಕೆಂದು ಬೆರಳಿಗೇ ಗೊತ್ತು. ಗೊತ್ತಿರದೆ ಏನು? ಯಂತ್ರ ಅವರದೇ. ಅದರಲ್ಲಿ ದುಡಿಯುವುದಕ್ಕೆ ಅವರಿಗೆ ಸಿಗುವುದು ಮಾತ್ರ ದಿನಗೂಲಿ.

ಬೀದಿಯವರಿಗೆಲ್ಲ ಇವರು ರಟ್ಟಕ್ಕ. ವಯಸ್ಸು ಐವತ್ತೆರಡು. ದಿನಕ್ಕೆ ನೂರೈವತ್ತು ನೋಟ್‌ಬುಕ್ಕು, ಹತ್ತೋ ಹನ್ನೆರಡೋ ದಪ್ಪ ರಿಜಿಸ್ಟರು ಇವರ ಕೈ ದಾಟುತ್ತವೆ. ಪುಸ್ತಕದ ಮೇಲೆ ಬರೆದವರ ಹೆಸರಿರುತ್ತದೆ, ಅಚ್ಚು ಹಾಕಿದವರ ಹೆಸರಿರುತ್ತದೆ. ಹೊಲಿದವರದ್ದು ಯಾವತ್ತೂ ಇರುವುದಿಲ್ಲ.

ಇಪ್ಪತ್ತು ವರ್ಷ ಕೂಲಿ ಮಾಡಿ, ಕೆಲಸ ಕಲಿಸಿದ ಮೇಸ್ತ್ರಿಯಿಂದಲೇ ಈ ಯಂತ್ರ ಕೊಂಡರು. ಒಂದು ಪ್ರೆಸ್ಸಿನ ಮೂಲೆಯನ್ನು ಬಾಡಿಗೆಗೆ ಹಿಡಿದು ಅಲ್ಲಿ ನಿಲ್ಲಿಸಿದರು. ಸಾಲ ಮಾಡಿ ತೀರಿಸದೆ ಹೋದದ್ದು ಪ್ರೆಸ್ಸಿನ ಯಜಮಾನ. ಎರಡು ವರ್ಷದ ಹಿಂದೆ ಜಪ್ತಿಗೆ ಬಂದ ಕೋರ್ಟಿನ ಅಮೀನ ಷಟರಿನೊಳಗೆ ಕಂಡದ್ದನ್ನೆಲ್ಲ ಪಟ್ಟಿಗೇರಿಸಿದ.

“ಸ್ವಾಮಿ, ಇದು ನಂದು ಅಂದೆ. ‘ಎಲ್ರೂ ಹಾಗೇ ಅಂತಾರಮ್ಮ, ರಸೀದಿ ತಗೊಂಡು ಕೋರ್ಟಿಗೆ ಬಾ’ ಅಂದ. ನನ್ನ ಊಟದ ಡಬ್ಬೀನೂ ಬರ್ಕೊಂಡ. ಸಾಲಗಾರ ಮಧ್ಯಾಹ್ನ ಏನು ತಿಂತಾನೆ ಅಂತ ಕೋರ್ಟಿಗೆ ಬೇಕಿತ್ತೇನೋ!”

ಇವರ ತಕರಾರು ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಹರಾಜೇ ಮುಗಿದಿತ್ತು. ಕೊಂಡವನು ಪಕ್ಕದ ಬೀದಿಯ ಬೈಂಡಿಂಗ್ ಅಂಗಡಿಯವನು. ಈಗಿನ ಧಣಿ.

“ಅಕ್ಕಾ, ನನ್ನ ಮಷೀನು ಹುಷಾರು,” ಎನ್ನುತ್ತಾನೆ ಬಂದವನೇ.

“ನಿನ್ನ ಮಷೀನಾ? ಮೊದಲು ಬಾಡಿಗೆ ಕೊಡು, ಆಮೇಲೆ ಹುಷಾರು ಹೇಳುವಂತೆ.”

“ನಾನೇನು ಕದ್ದು ತಂದ್ನಾ? ಕೋರ್ಟಿನವರೇ ಕೂಗಿ ಮಾರಿದ್ದು.”

“ಕೂಗೇನೋ ಜೋರಾಗಿತ್ತು ಬಿಡಪ್ಪ. ನಾನು ಕೂಗಿದ್ದೇ ಯಾರಿಗೂ ಕೇಳಿಸ್ಲಿಲ್ಲ.”

ಬೇರೆಲ್ಲೂ ಕೆಲಸ ಸಿಗುವುದಿಲ್ಲವೇ ಎಂದು ಕೇಳಿದರೆ, “ಸಿಗುತ್ತೆ. ಇದಕ್ಕೆ ಎಣ್ಣೆ ಬಿಡೋರು ಯಾರು? ಕೇಸು ನಾನು ಗೆಲ್ಲೋ ಹೊತ್ತಿಗೆ ಮಷೀನನ್ನ ತುಕ್ಕು ಗೆದ್ದಿರುತ್ತೆ,” ಎನ್ನುತ್ತಾರೆ.

ಅವರ ವಕೀಲೆಯ ಮಾತು ನೇರ: “ಸಾಲಗಾರನಿಗೇ ಇಲ್ಲದ ಹಕ್ಕು ಹರಾಜಲ್ಲಿ ಕೊಂಡವನಿಗೆ ಎಲ್ಲಿಂದ ಬರುತ್ತೆ? ವಸ್ತು ಅಕ್ಕಂದು ಅಂತಾದ್ರೆ ವಾಪಸ್ ಬರಲೇಬೇಕು.” ಹಾಗೆಂದು ತೋರಿಸಲು ರಸೀದಿ ಬೇಕು. ಬರೆದುಕೊಟ್ಟ ಮೇಸ್ತ್ರಿ ತೀರಿಹೋಗಿದ್ದಾರೆ. ಯಂತ್ರ ತನ್ನದಲ್ಲ ಎಂದು ಪ್ರೆಸ್ಸಿನ ಯಜಮಾನ ಹೇಳಿದ್ದನ್ನು ಸಾಲ ಕೊಟ್ಟವರು ನಂಬುವುದಿಲ್ಲ.

ರಸೀದಿ ಇದೆ. ಹೊಟ್ಟೆ ಉರಿಯುವುದೇ ಇಲ್ಲಿ. ಮನೆಯಲ್ಲಿಟ್ಟರೆ ಇಲಿ ತಿಂದೀತೆಂದು ರಟ್ಟಕ್ಕ ಅದನ್ನು ಪ್ರೆಸ್ಸಿನ ಆರ್ಡರ್ ಪುಸ್ತಕ ಕಟ್ಟುವಾಗ ಎರಡು ರಟ್ಟಿನ ನಡುವೆ ಸೇರಿಸಿ ಮುಚ್ಚಿಬಿಟ್ಟಿದ್ದರು. ಅಂಚಿಗಷ್ಟೇ ಅಂಟು, ನಡುವೆ ಒಣ. “ಬಿಟ್ರೆ ನನ್ನ ಹಲ್ಲುಸೆಟ್ಟಿಗೂ ರಟ್ಟು ಹಾಕ್ತಾಳೆ,” ಎಂದು ಅತ್ತೆ ಗೊಣಗುವುದು ಸುಮ್ಮನಲ್ಲ. ಪುಸ್ತಕ ಪ್ರೆಸ್ ಬಿಟ್ಟು ಎಲ್ಲಿಗೆ ಹೋದೀತು ಎಂದುಕೊಂಡಿದ್ದರು. ಹೋಯಿತು. ಸಾಲದ ಕೇಸಿನ ಸಾಕ್ಷ್ಯವಾಗಿ ಈಗ ಅದು ಕೋರ್ಟಿನ ಕಪಾಟಿನಲ್ಲಿದೆ.

ರಸೀದಿ ತಾ ಎನ್ನುವುದೂ ಅದೇ ಕೋರ್ಟು, ರಸೀದಿಗೆ ಬೀಗ ಹಾಕಿಟ್ಟುಕೊಂಡಿರುವುದೂ ಅದೇ ಕೋರ್ಟು. ರಟ್ಟು ಸೀಳಿ ನೋಡಿ ಎಂದು ಗೋಗರೆದರೆ ಗುಮಾಸ್ತ ತಲೆಯೆತ್ತದೆ ಹೇಳಿದನಂತೆ: “ಸಾಕ್ಷ್ಯ ಹಾಳು ಮಾಡೋ ಹಾಗಿಲ್ಲ.” ಒಂದು ಬದುಕನ್ನು ಒಂದೇ ಮಧ್ಯಾಹ್ನದಲ್ಲಿ ಕಿತ್ತು ಲಾರಿಗೆ ಹೇರಬಹುದು; ಒಂದು ರಟ್ಟಿಗೆ ಗೀರು ಬೀಳಬಾರದು! ಆ ಮಾತು ಕೇಳಿಸಿಕೊಳ್ಳಲು ಹದಿನೇಳು ವಾಯಿದೆ, ಹದಿನೇಳು ದಿನದ ಕೂಲಿ ಖೋತಾ. ಪಟ್ಟಿ ಬರೆದ ಅಮೀನನಿಗೆ ಒಂದು ದಿನದ ಸಂಬಳವಾದರೂ ಕಡಿತವಾಯಿತೇ? ಯಾರೂ ಕೇಳಿಲ್ಲ. ನಾನು ಕೇಳುತ್ತಿದ್ದೇನೆ.

ಪುಸ್ತಕ ಬಿಚ್ಚಿಸುವ ಅರ್ಜಿ ಮುಂದಿನ ತಿಂಗಳು ನ್ಯಾಯಾಧೀಶರ ಮುಂದೆ ಬರಲಿದೆ. ರಟ್ಟಕ್ಕ ತಮ್ಮ ಸಣ್ಣ ಚಾಕುವನ್ನು ಈಗಲೇ ಮಸೆದಿಟ್ಟಿದ್ದಾರೆ.

“ಒಂದೇ ಕೇಳ್ಕೊಳ್ಳೋದು. ಬಿಚ್ಚೋಕೆ ಬೇರೆ ಯಾರನ್ನೂ ಕರೀಬೇಡಿ. ಜಡ್ಜ್ ಸಾಹೇಬ್ರ ಕಣ್ಣೆದುರೇ ಬಿಚ್ತೀನಿ, ರಸೀದಿ ಕೈಗೆ ಕೊಡ್ತೀನಿ, ಅಲ್ಲೇ ಕೂತು ಮತ್ತೆ ಕಟ್ಟಿಕೊಡ್ತೀನಿ. ಆಮೇಲೆ ಎಲ್ಲಿ ಬಿಚ್ಚಿದ್ದು ಅಂತ ಅವರೇ ಹುಡುಕ್ಲಿ.”