ಒತ್ತಿದರೂ ಏರದ ದನಿ

ಓದುಗರಲ್ಲಿ ಮೊದಲಿಗೇ ನಿವೇದಿಸಿಕೊಳ್ಳುವುದೇನೆಂದರೆ, ಕಚೇರಿಯ ಪತ್ರಗಳ ಹೊರತಾಗಿ ನಾನು ಈವರೆಗೆ ಏನನ್ನೂ ಬರೆದವನಲ್ಲ. ಆದಕಾರಣ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾವು ನೆಲೆಸಿರುವ ಈ ಹೊರದೇಶದಲ್ಲಿ, ಮನುಕಾವ್‌ನ ಸಭಾಂಗಣವೊಂದರಲ್ಲಿ ನಡೆದ ಯುಗಾದಿ ಕಾರ್ಯಕ್ರಮದಲ್ಲಿ ನನ್ನ ಸರದಿ ಬಂದಾಗ ನನ್ನ ಗಿಟಾರು ಯಾರಿಗೂ ಎದ್ದು ಕೇಳಿಸಲಿಲ್ಲ.

ನನ್ನ ಪತ್ನಿ ಹಾಡುವ ಭಾವಗೀತೆಯಲ್ಲಿ ಎರಡನೆಯ ಚರಣ ಮುಗಿದ ಮೇಲೆ ನಾನೊಬ್ಬನೇ ನುಡಿಸುವ ಭಾಗವೊಂದಿದೆ. ನಮ್ಮ ವೃಂದದಲ್ಲಿ ನನ್ನದೆಂದು ಹೇಳಿಕೊಳ್ಳಲು ಇರುವುದು ಅದೊಂದೇ. ನನ್ನ ಆಂಪ್ಲಿಫೈಯರ್ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಟ್ಯೂಬುಗಳದ್ದು. ಗಿಟಾರಿಗೂ ಅದಕ್ಕೂ ನಡುವೆ, ಕಾಲಿನಿಂದ ಒತ್ತಿದರೆ ದನಿಯನ್ನು ಏರಿಸುವ ಬೂಸ್ಟ್ ಪೆಡಲ್ ಎಂಬ ಪುಟ್ಟ ಪೆಟ್ಟಿಗೆಯನ್ನು ಜೋಡಿಸಿದ್ದೆ. ರೊಟೊಟೂನದ ನಮ್ಮ ಮನೆಯಲ್ಲಿ ನೆರೆಯವರಿಗೆ ತೊಂದರೆಯಾಗದಿರಲೆಂದು ಆಂಪನ್ನು ತಗ್ಗಿಸಿಟ್ಟುಕೊಂಡೇ ಅಭ್ಯಾಸ ಮಾಡುತ್ತಿದ್ದೆ. ಅಲ್ಲಿ ಪೆಡಲ್ ಒತ್ತಿದ ಕೂಡಲೇ ದನಿ ಎದ್ದು ನಿಲ್ಲುತ್ತಿತ್ತು. ಊಟಕ್ಕೆ ಬಂದಿದ್ದ ಆಂಟಿಯೊಬ್ಬರು, “ಬೂಸ್ಟಾ? ನಾವು ಹಾಲಿಗೆ ಹಾಕ್ಕೊಂಡು ಕುಡೀತಿದ್ವಲ್ಲಪ್ಪ, ನೀನು ತುಳೀತೀಯಾ?” ಎಂದು ಎಲ್ಲರನ್ನೂ ನಗಿಸಿದ್ದರು.

ಸದರಿ ಸಭಾಂಗಣದಲ್ಲಿ ಡ್ರಮ್ಸಿನ ಸದ್ದು ಕೇಳಿದೊಡನೆ ನನ್ನ ಗಿಟಾರು ಅದರಲ್ಲಿ ಮುಳುಗೀತೆಂದು ನನಗೆ ದಿಗಿಲಾಯಿತು. ಹಾಡು ಆರಂಭವಾಗುವ ಮುನ್ನವೇ ಆಂಪಿನ ವಾಲ್ಯೂಮನ್ನು ಬಹುತೇಕ ಕೊನೆಯವರೆಗೆ ತಿರುಗಿಸಿಬಿಟ್ಟೆ. ನನ್ನ ಸರದಿ ಬಂದಾಗ ಪೆಡಲ್ ಒತ್ತಿದೆ. ದನಿ ಏರಲಿಲ್ಲ, ಗಂಟಲು ಕಟ್ಟಿದವರ ಮಾತಿನಂತೆ ಒರಟಾಯಿತು, ಅಷ್ಟೆ. ಪೆಡಲ್ ಆರಿದೆಯೇನೋ ಎಂದು ಮತ್ತೆ ಒತ್ತಿದೆ, ಪುನಃ ಒತ್ತಿದೆ. ಅಷ್ಟರಲ್ಲಿ ಪತ್ನಿ ಮೂರನೆಯ ಚರಣ ಎತ್ತಿಕೊಂಡಳು.

ಸಾಮಾನು ಕಾರಿಗೆ ತುಂಬುವಾಗ, ಇಲ್ಲಿಗೆ ಓದಲು ಬಂದು ನೆಲೆಸಿದ, ನಮ್ಮ ವೃಂದದಲ್ಲಿ ಕೀಬೋರ್ಡ್ ನುಡಿಸುವ ಧಾರವಾಡದ ಗೆಳೆಯ ಕೇಳಿದ: “ಅಣ್ಣಾರ, ನೀವು ನುಡಸ್ತಿದ್ರೋ, ಬರೇ ತುಳೀತಿದ್ರೋ? ಮುಂದಿನ ಸಲ ನಿಮ್ಮ ಪೀಸ್ ನಾನ ರೆಕಾರ್ಡ್ ಮಾಡಿ ಕೀಬೋರ್ಡ್‌ನ್ಯಾಗ ಹಾಕಿ ಇಟ್ಟಿರ್ತೀನ್ರಿ.” ನಕ್ಕುಬಿಟ್ಟೆ. ಆತ ನಗಲಿಲ್ಲ.

ಮೋಟರ್‌ವೇಯಲ್ಲಿ ಮನೆಯತ್ತ ಸಾಗುವಾಗ ಪತ್ನಿ ಹೇಳಿದಳು: “ನಾನು ಹಾಡ್ತಿದ್ದಾಗ್ಲೂ ನೀವು ಅಷ್ಟೇ ಜೋರಾಗಿದ್ರಿ ರೀ. ಆಮೇಲೆ ಏರಕ್ಕೆ ಏನ್ ಉಳಿದಿತ್ತು?”

ಯಂತ್ರದ ಮಟ್ಟಿಗೂ ಅದೇ ನಿಜವೆಂಬುದು ಮನೆಗೆ ಬಂದು ಪರಿಶೀಲಿಸಿದಾಗ ಮನವರಿಕೆಯಾಯಿತು. ಟ್ಯೂಬುಗಳು ತಮ್ಮ ಮಿತಿ ಮುಟ್ಟಿದ ಮೇಲೆ ಪೆಡಲ್ ಎಷ್ಟೇ ನೂಕಿದರೂ ದನಿ ಒಡೆಯುತ್ತದೆಯೇ ಹೊರತು ದೊಡ್ಡದಾಗುವುದಿಲ್ಲ. ಆದರೆ ಆ ರಾತ್ರಿ ನನ್ನನ್ನು ಕಾಡಿದ್ದು ಯಂತ್ರವಲ್ಲ. ಇಷ್ಟು ವರ್ಷ ಅವಳ ಹಾಡನ್ನು ನಾನು ಕೇಳಿದ್ದೆನೇ ಎಂಬ ಸಂಶಯ.

ದೀಪಾವಳಿ ಕಾರ್ಯಕ್ರಮಕ್ಕಾಗಿ ಮುಂದಿನ ಅಭ್ಯಾಸ ಪುಕೆಕೊಹೆಯಲ್ಲಿ, ಈರುಳ್ಳಿ ಪ್ಯಾಕ್ ಮಾಡುವ ಶೆಡ್ಡೊಂದರಲ್ಲಿ ಏರ್ಪಾಟಾಗಿತ್ತು. ಆಂಪನ್ನು ತಗ್ಗಿಸಿದೆ. ಪತ್ನಿ ಹಾಡುವಾಗ ತಂತಿಯನ್ನು ಸವರಿದೆನಷ್ಟೆ. ಅವಳು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಗೆಳೆಯ ಹೇಳಿದಂತೆ ನನ್ನ ಭಾಗವನ್ನು ಕೀಬೋರ್ಡಿಗೆ ತುಂಬಿಸಿ ತಂದಿದ್ದ. ನನ್ನ ಸರದಿ ಬಂದಾಗ ಅವನ ಬೆರಳು ಅದನ್ನು ನುಡಿಸುವ ಗುಂಡಿಯ ಮೇಲಿತ್ತು. ಪೆಡಲ್ ಒತ್ತಿದೆ. ದನಿ ಏರಿತು, ಒಡೆಯದೆ ಏರಿತು. ನುಡಿಸಿ ಮುಗಿಸುವವರೆಗೂ ನಾನು ನೋಡುತ್ತಿದ್ದುದು ಆ ಬೆರಳನ್ನೇ. ಅದು ಗುಂಡಿಯನ್ನು ಒತ್ತಲಿಲ್ಲ. ಅಲ್ಲಿಂದ ಸರಿಯಲೂ ಇಲ್ಲ.

“ಇನ್ನು ಅದನ್ನ ಅಳಿಸಿಬಿಡ್ತೀಯಾ?” ಎಂದು ಕೇಳಿದೆ.

“ಇರ್ಲಿ ಬಿಡ್ರಿ ಅಣ್ಣಾರ,” ಎಂದ. “ದೀಪಾವಳಿ ಮುಗಿಯೂಮಟ ಇರ್ಲಿ.”