ಕಾಣೆಯಾದವರ ಹವಾಲ್ದಾರ್ರು

ಅವರ ಎಡಗಾಲಿನ ಮೊಣಕಾಲ ಕೆಳಗೆ ಒಂದು ಕೋಳಿಮೊಟ್ಟೆ ಕೂರುವಷ್ಟು ಗುಳಿಯಿತ್ತು. ಮೇಲೆ ಚರ್ಮ ಬೆಳೆದು ಮುಚ್ಚಿದ್ದರೂ ಒಳಗೆ ಮಾಂಸ ತುಂಬಿಕೊಂಡಿರಲಿಲ್ಲ. ಆ ಚರ್ಮ ಈರುಳ್ಳಿಯ ಒಳಪದರದಂತೆ ತೆಳ್ಳಗೆ ಹೊಳೆಯುತ್ತಿತ್ತು. ಕೂತಲ್ಲಿ ಪಂಚೆಯನ್ನು ಮೇಲಕ್ಕೆಳೆದುಕೊಂಡು, ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ, ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕುತ್ತ ಮಾತಾಡುವುದು ಅವರ ರೂಢಿ. ಮಲಯಾದಲ್ಲಿ ಜಪಾನಿಯರ ಸೆರೆಯಲ್ಲಿದ್ದಾಗ ಬಿದಿರು ಗೀರಿ ಆದ ಹುಣ್ಣಿನ ಗುರುತು ಅದು. ನಾವು ಅವರನ್ನು ಹವಾಲ್ದಾರ್ರು ಎಂದೇ ಕರೆಯುತ್ತಿದ್ದೆವು.

ಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ನಾನಾಗ ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ಪೇಟೆಯ ಟೈಪಿಂಗ್ ಶಾಲೆಯಲ್ಲಿ ಕಲಿತು ಅಲ್ಲೇ ಕಲಿಸುತ್ತಿದ್ದೆ. ರಜೆಗೆ ಹೊಸನಗರದ ನಮ್ಮ ಮನೆಗೆ ಹೋಗಿದ್ದ ಒಂದು ಬೆಳಿಗ್ಗೆ, ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬೇಲಿಯ ಗೇಟಿನ ಆಚೆ ಒಬ್ಬರು ನಿಂತಿದ್ದರು. ಒಳಗೆ ಬರಲಿಲ್ಲ, ಕೂಗಲೂ ಇಲ್ಲ. ಅಂಗಳವನ್ನೇ ನೋಡುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅತ್ತಿಗೆ ಎದ್ದು ಹೋಗಿ ಕೇಳಿದರು.

"ಯಾರು ಬೇಕಾಗಿತ್ತು?"

"ಬಾವಿ ಎಡಗಡೆಗಿದೆಯಲ್ಲಮ್ಮ," ಎಂದರು ಅವರು. "ನಾನು ಇಷ್ಟು ವರ್ಷ ಬಲಗಡೆಗೆ ಅಂತ ತಿಳ್ಕೊಂಡಿದ್ದೆ."

"ನಿಮ್ಗೆ ಯಾರು ಹೇಳಿದ್ದು ನಮ್ಮ ಬಾವಿ ವಿಷ್ಯ?"

"ನಿಮ್ಮ ಯಜಮಾನ್ರು ತಾಯಿ."

ಅತ್ತಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡುವುದು ಅವರಿಗೆ ಎಷ್ಟೋ ಹೊತ್ತು ನೆನಪಾಗಲಿಲ್ಲ.

ಅಣ್ಣ ಸೈನ್ಯ ಸೇರಿದಾಗ ಅವರ ಮದುವೆಯಾಗಿ ಒಂದೇ ವರ್ಷವಾಗಿತ್ತು. ಯುದ್ಧ ಮುಗಿದ ಮೇಲೆ ಬಂದ ಕಾಗದದಲ್ಲಿ, ಮಲಯಾದಲ್ಲಿ ನಮ್ಮ ಸೈನ್ಯ ಜಪಾನಿಯರಿಗೆ ಶರಣಾದ ದಿನ ಅವನು ತನ್ನ ತುಕಡಿಯಲ್ಲಿ ಇರಲಿಲ್ಲವೆಂದೂ, ಸೇನೆ ಬಿಟ್ಟು ಓಡಿಹೋದವರ ಪಟ್ಟಿಯಲ್ಲಿ ಅವನ ಹೆಸರಿದೆಯೆಂದೂ ಬರೆದಿತ್ತು. ಅಮ್ಮ ಮೊದಲೇ ಇರಲಿಲ್ಲ. ಅಪ್ಪ ಆ ಕಾಗದ ಬಂದ ಮೇಲೆ ಪೇಟೆಗೆ ಹೋಗುವುದನ್ನೇ ಬಿಟ್ಟರು, ಎರಡು ವರ್ಷದಲ್ಲಿ ತೀರಿಕೊಂಡರು. ಊರಲ್ಲಿ ನಮ್ಮದು 'ಓಡಿಹೋದವನ ಮನೆ' ಆಯಿತು. ಅತ್ತಿಗೆ ತವರಿಗೆ ಹೋಗದೆ, ಊರವರ ರವಿಕೆ ಹೊಲಿದುಕೊಂಡು ಅಲ್ಲೇ ಉಳಿದರು.

ಹವಾಲ್ದಾರ್ರು ಹೇಳಿದ್ದು ಬೇರೆಯೇ. ಶರಣಾಗತಿಯ ಗದ್ದಲದಲ್ಲಿ ದಾರಿ ತಪ್ಪಿದ ಅಣ್ಣ ಇನ್ನೊಂದು ತುಕಡಿಯವರ ಜೊತೆ ಸೆರೆಸಿಕ್ಕು, ಅವರಿದ್ದ ಶಿಬಿರಕ್ಕೇ ಬಂದಿದ್ದ. ಸಂಜೆ ತಲೆ ಎಣಿಕೆ ಮುಗಿದ ಮೇಲೆ ನಮ್ಮ ಕಡೆಯ ನಾಲ್ಕೈದು ಜನ ಒಟ್ಟಿಗೆ ಕೂರುತ್ತಿದ್ದರಂತೆ. "ಇವತ್ತು ಯಾರ ದಾರಿ?" ಎಂದು ಒಬ್ಬ ಕೇಳುತ್ತಿದ್ದ. ಯಾರ ಸರದಿಯೋ ಅವನು ಕಣ್ಣು ಮುಚ್ಚಿ ತನ್ನ ಊರಿಗೆ ಹೋಗುವ ದಾರಿಯನ್ನು ಹೇಳುತ್ತ ಹೋಗಬೇಕು, ಉಳಿದವರು ಅವನ ಹಿಂದೆ ನಡೆಯಬೇಕು.

"ಅವಸರ ಮಾಡಿದ್ರೆ ಬೈತಿದ್ವಿ," ಎಂದರು ಹವಾಲ್ದಾರ್ರು. "ನಿಧಾನ ಮಾರಾಯ, ನಮ್ಗೆ ಕಾಲು ನೋಯ್ತದೆ ಅಂತ. ನಿಮ್ಮಣ್ಣ ಸಾಗರದಿಂದ ಹೊರಟು ದಾರಿ ಮಧ್ಯದ ಬಟ್ಟೆಮಲ್ಲಪ್ಪ ಊರು ಮುಟ್ಟಿಸ್ಲಿಕ್ಕೆ ಎರಡು ಸಂಜೆ ತಗೊಂಡ. ಮೂರನೇ ಸಂಜೆ ಈ ಗೇಟಿಗೆ ಕರ್ಕೊಂಡು ಬಂದ. ಇಲ್ಲಿಂದ್ಲೇ ಬಾವಿ ತೋರಿಸ್ದ, ಒಳಗೆ ಕರೀಲಿಲ್ಲ. ಅಷ್ಟೊತ್ತಿಗೆ ಅವ್ನಿಗೆ ಅಳು ಬಂತು."

ಅತ್ತಿಗೆ ಎದ್ದುಹೋಗಿ ಗೇಟು ತೆಗೆದರು.

ಆಮೇಲೆ ಎಷ್ಟೋ ದಿನ ನನಗೆ ಎಚ್ಚರವೋ ಕನಸೋ ತಿಳಿಯದಂಥ ಒಂದು ಸ್ಥಿತಿ. ಟೈಪ್‌ರೈಟರಿನ ಕೀಲಿಗಳ ಮೇಲೆ ಬೆರಳಿಟ್ಟು ಕೂತಿದ್ದಾಗಲೇ, ಅಣ್ಣ ಮಂಜಿನೊಳಗೆ ಬರಿಗೈಯಲ್ಲಿ ಬಟ್ಟೆಮಲ್ಲಪ್ಪ ದಾಟಿ ನಡೆದು ಬರುತ್ತಿರುವಂತೆ ಕಾಣುತ್ತಿತ್ತು. ಹಿಂದೆ ಗುರುತಿಲ್ಲದ ನಾಲ್ಕು ಜನ, ಒಬ್ಬರು ಕುಂಟುತ್ತಿದ್ದಾರೆ. ಹೆಜ್ಜೆಯ ಸದ್ದು ಮಾತ್ರ ಇಲ್ಲ.

ಹವಾಲ್ದಾರ್ರ ಊರು ತೀರ್ಥಹಳ್ಳಿಯ ಬಳಿ. ಮೂರು ತಾಲ್ಲೂಕಿನಲ್ಲಿ ಹೀಗೆ ಗಂಡನೋ ಮಗನೋ ವಾಪಸಾಗದ ಮನೆಗಳನ್ನು ಹುಡುಕಿಕೊಂಡು ಅವರು ಬಸ್ಸಿನಲ್ಲಿ, ಬಸ್ಸಿಲ್ಲದಲ್ಲಿ ಆ ಕಾಲಿನಲ್ಲೇ ನಡೆದು ತಿರುಗುತ್ತಿದ್ದರು. ಯಾರ ಮನೆಯಲ್ಲೂ ಬೆಲ್ಲದ ಕಾಫಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಕುಡಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಯುತ್ತಿದ್ದರು. ಸಾಗರಕ್ಕೆ ಬಂದಾಗ ನನ್ನ ಎದುರು ನೆಟ್ಟಗೆ ಕೂತು ಸೈನ್ಯದ ಕಚೇರಿಗೆ ಕಳಿಸಬೇಕಾದ ಹೇಳಿಕೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದೆ. ಒಂದು ಮಾತಿಗೆ ಒಂದು ಸಾಲು. ಅದು ಅವರ ಕಟ್ಟಪ್ಪಣೆ.

ಅಣ್ಣನ ವಿಷಯದಲ್ಲಿ ಸೈನ್ಯದ ಕಚೇರಿಯಿಂದ ಬಂದ ಉತ್ತರ ಚುಟುಕಾಗಿತ್ತು. ಒಬ್ಬರ ಮಾತು ಸಾಲದು, ಇನ್ನೊಬ್ಬ ಸಾಕ್ಷಿ ಬೇಕು. ಇಲ್ಲವೇ ಸಾವನ್ನು ಕಣ್ಣಾರೆ ಕಂಡಿದ್ದರೆ ಹೇಳಿಕೆ ಕಳಿಸಿ, ಪರಿಶೀಲಿಸುತ್ತೇವೆ. ಹವಾಲ್ದಾರ್ರು ಕಂಡಿರಲಿಲ್ಲ. ಅವರನ್ನು ಮಧ್ಯದಲ್ಲೇ ಬೇರೆ ಶಿಬಿರಕ್ಕೆ ಸಾಗಿಸಿದ್ದರು. ತಾನು ಕಂಡಷ್ಟನ್ನೇ ಮತ್ತೊಮ್ಮೆ ಹೇಳಿ ಬರೆಸಿದರು.

ನಾನು ಒಂದು ಸಾಲು ಸೇರಿಸಿದೆ. 'ಅವನು ಸತ್ತದ್ದನ್ನು ನಾನು ಕಂಡಿದ್ದೇನೆ.' ಅಷ್ಟೇ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಹಿಗೆಂದು ಪೆನ್ನು ಕೊಟ್ಟೆ.

ಅವರು ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದರು. "ನಾನು ಐದು ಹೇಳಿದ್ದೆ ತಂಗಿ. ಇಲ್ಲಿ ಆರಿದೆ."

ಸೇರಿಸಿದ ಸಾಲು ಏನೆಂದು ಅಳುತ್ತ ಹೇಳಿದೆ. ನಿಮ್ಮ ಒಂದು ಮಾತಿನಿಂದ ಅಪ್ಪನ ಮರ್ಯಾದೆ ವಾಪಸ್ ಬರುತ್ತದೆ, ಯಾರಿಗೆ ನಷ್ಟ ಎಂದೂ ಕೇಳಿದೆ.

ಅವರು ಬೈಯಲಿಲ್ಲ. "ಈ ಒಂದು ಗೆರೆಗೆ ನಿಮ್ಮತ್ತಿಗೆ ಬಳೆ ಒಡೀಬೇಕಾಗ್ತದೆ. ಅವ್ರನ್ನ ಕೇಳಿದ್ರಾ?"

ಕೇಳಿರಲಿಲ್ಲ. ಆ ಶನಿವಾರ ಹೊಸನಗರಕ್ಕೆ ಹೋಗಿ ಕೇಳಿದೆ. ಅತ್ತಿಗೆ ಯಂತ್ರ ನಿಲ್ಲಿಸಲಿಲ್ಲ. ಹೊಲಿಯುತ್ತಲೇ ಅಂದರು: "ಓಡಿಹೋದ ಅಂದ್ರೆ ಎಲ್ಲೋ ಇದ್ದಾರೆ ಅಂತಾದ್ರೂ ಆಯ್ತಲ್ಲೇ. ನೀನು ಅದನ್ನೂ ಕಿತ್ಕೊಳ್ತೀಯಾ?"

ಒಬ್ಬರ ಒಳ್ಳೆಯದಕ್ಕೆಂದು ಅವರನ್ನೇ ಕೇಳದೆ ಏನನ್ನೂ ಮಾಡಬಾರದೆಂದು ನಾನು ಕಲಿತದ್ದು ಅಂದು. ಕಲಿಸಿದವರು ಹವಾಲ್ದಾರ್ರು.

ಅವರು ಎರಡನೆಯ ಸಾಕ್ಷಿಗಾಗಿ ಹುಡುಕತೊಡಗಿದರು. ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೊನೆಗೆ ಶಿಬಿರದಲ್ಲಿ ಅಡಿಗೆ ಮಾಡುತ್ತಿದ್ದವನೊಬ್ಬ ಮಂಡಗದ್ದೆಯಲ್ಲಿ ದೋಣಿ ನಡೆಸಿಕೊಂಡಿದ್ದಾನೆಂದು ತಿಳಿಯಿತು. ಅತ್ತಿಗೆ, ಹವಾಲ್ದಾರ್ರು, ನಾನು ಮೂವರೂ ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಹೋದೆವು. ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ತುಂಗೆ ತುಂಬಿ, ಸದ್ದಿಲ್ಲದೆ ಹರಿಯುತ್ತಿದ್ದಳು. ನಡುಗಡ್ಡೆಯ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವು. ಕೊಂಬೆಗಳ ತುಂಬ ಬಿಳಿ ಹಕ್ಕಿಗಳು. ಒಂದು ಏಳುತ್ತಿತ್ತು, ತೇಲುತ್ತಿತ್ತು, ಮತ್ತೆ ಅಲ್ಲೇ ಬಂದು ಕೂರುತ್ತಿತ್ತು. ಅಲ್ಲಿ ಕಾಲವೇ ನಿಂತುಹೋಗಿದೆ ಎನ್ನಿಸಿತು ನನಗೆ.

"ಕಂಡದ್ದು ಮಾತ್ರ ಹೇಳು," ಎಂದರು ಹವಾಲ್ದಾರ್ರು.

ದೋಣಿಯವನು ನೀರನ್ನೇ ನೋಡುತ್ತ ಹೇಳಿದ. "ಕೊನೇ ವರ್ಷ ರಸ್ತೆ ಕೆಲ್ಸ ಅಂತ ಆರು ಜನ್ರನ್ನ ಹೊಳೆ ಆಚೆ ಕರ್ಕೊಂಡು ಹೋದ್ರು. ಅವ್ರೊಳಗೆ ಈ ಅಮ್ಮನ ಯಜಮಾನ್ರೂ ಇದ್ರು. ನಾನೇ ಬುತ್ತಿ ಕಟ್ಟಿಕೊಟ್ಟಿದ್ದೆ. ವಾಪಸ್ ಬರ್ಲಿಲ್ಲ. ಗುಂಡಿನ ಸದ್ದು ಕೇಳ್ಲಿಲ್ಲ, ಹೆಣಾನೂ ನೋಡ್ಲಿಲ್ಲ."

ಅತ್ತಿಗೆ ಕೇಳಿದರು: "ಹೋಗುವಾಗ ಕಾಲಿಗೆ ಎಂತ ಹಾಕ್ಕೊಂಡಿದ್ರು?"

"ಎಂತ ಇಲ್ಲಮ್ಮ. ಬರಿಗಾಲು."

ಅತ್ತಿಗೆ ತಲೆಯಾಡಿಸಿದರು.

ಆ ಹೇಳಿಕೆ ಹೋಗಿ, ನಾಲ್ಕಾರು ಬಾರಿ ಕಾಗದಗಳು ಓಡಾಡಿ, ಕೊನೆಗೆ ಒಂದು ಹಾಳೆ ಬಂತು. ಓಡಿಹೋದವನೆಂಬ ನಮೂದನ್ನು ತೆಗೆದುಹಾಕಿದೆ. ಶತ್ರುವಿನ ಸೆರೆಯಲ್ಲಿದ್ದಾಗ ಕಾಣೆಯಾದ ಸಿಪಾಯಿ. ಹವಾಲ್ದಾರ್ರಿಗೆ ತಿಳಿಸಿದೆವು. ಅವರು ಬಂದು ಕಾಗದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಆಮೇಲೆ ಅಂಗಳಕ್ಕಿಳಿದು, ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು ಅತ್ತಿಗೆಗೆ ಸೆಲ್ಯೂಟ್ ಹೊಡೆದರು. ಅತ್ತಿಗೆ ಏನು ಮಾಡಬೇಕೆಂದು ತೋಚದೆ ಕೈಮುಗಿದರು.

"ಈಗ ನಾನೇನು ಅಂತ ತಿಳ್ಕೊಳ್ಬೇಕು?" ಎಂದು ಕೇಳಿದರು.

"ಕಾಣದ್ದು ಬೇರೆ, ಇಲ್ಲದ್ದು ಬೇರೆ ತಾಯಿ. ಅದಕ್ಕಿಂತ ಹೆಚ್ಚು ನಂಗೂ ಗೊತ್ತಿಲ್ಲ. ಉಳಿದದ್ದು ನೀವು ಹೇಳಿದ ಹಾಗೆ."

ಅತ್ತಿಗೆ ಕುಂಕುಮ ಅಳಿಸಲಿಲ್ಲ. ಯಾರೂ ಅಳಿಸು ಎನ್ನಲೂ ಇಲ್ಲ.

ಎರಡು ವರ್ಷದ ನಂತರ ಹವಾಲ್ದಾರ್ರು ಜ್ವರದಲ್ಲಿ ತೀರಿಕೊಂಡರು. ಸುದ್ದಿ ತಂದದ್ದು ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್. ವೈಕುಂಠ ಸಮಾರಾಧನೆಗೆ ನಾವಿಬ್ಬರೂ ಹೋದೆವು. ಆ ಪುಟ್ಟ ಮನೆಯ ಜಗಲಿಯ ತುಂಬ ಹೆಂಗಸರು. ಸಾಗರದ ಕಡೆಯವರು, ಕೋಣಂದೂರಿನವರು, ನಗರ ಎಂಬ ಊರಿನ ಕಡೆಯವರು. ಒಬ್ಬರಿಗೊಬ್ಬರ ಪರಿಚಯವಿಲ್ಲ. ಎಲ್ಲರ ಮನೆಗೂ ಅವರು ಬಂದಿದ್ದರು, ಆದರೆ ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿರಲಿಲ್ಲ. ಊಟವಾದ ಮೇಲೂ ಯಾರೂ ಏಳಲಿಲ್ಲ. ಮಧ್ಯಾಹ್ನದ ಬಿಸಿಲು ಜಗಲಿಯ ಅಂಚಿಗೆ ಬಂದು ನಿಂತಿತ್ತು. ಒಬ್ಬ ಮುದುಕಿ ಯಾರಿಗೂ ಅಲ್ಲವೆಂಬಂತೆ ತನ್ನ ಮಗನ ಹೆಸರು ಹೇಳಿದಳು. ಪಕ್ಕದವಳು ತನ್ನ ತಮ್ಮನ ಹೆಸರು ಹೇಳಿದಳು. ಹೆಸರುಗಳು ಒಂದೊಂದಾಗಿ ಸಾಲಿನಲ್ಲಿ ನಮ್ಮ ಕಡೆ ಬಂದವು.

ಹೆಂಡತಿ ಗಂಡನ ಹೆಸರೆತ್ತದ ಕಾಲ ಅದು. ನಾನು ಅತ್ತಿಗೆಯ ಪರವಾಗಿ ಹೇಳೋಣವೆಂದು ಬಾಯಿ ತೆರೆದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು ತಡೆದರು. ಆಮೇಲೆ ಅಣ್ಣನ ಹೆಸರನ್ನು, ಅಪ್ಪನ ಹೆಸರು ಮತ್ತು ಊರಿನ ಹೆಸರಿನ ಸಮೇತ, ಎಲ್ಲರಿಗೂ ಕೇಳುವಂತೆ ಹೇಳಿದರು.