ಬೊಂಬೆಯ ಗಂಟಲು

ನಲವತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿನಿಯಾದೆ. ವಿದ್ಯಾರಣ್ಯಪುರದಲ್ಲಿ ಸರ್ಜನ್ ಆಗಿ ವರ್ಷಗಟ್ಟಲೆ ಹೊಟ್ಟೆ ಕೊಯ್ದು ಹೊಲಿದವಳು, ಹೆಬ್ಬಾಳದ ತರಬೇತಿ ಕೇಂದ್ರವೊಂದರಲ್ಲಿ ರಬ್ಬರ್ ಬೊಂಬೆಯ ಬಾಯಿಗೆ ಎಂಡೋಸ್ಕೋಪಿಯ ಕೊಳವೆ ಇಳಿಸುವುದನ್ನು ಕಲಿಯುತ್ತಿದ್ದೆ. ಕಲಿಸುವ ಡಾಕ್ಟರು ನನಗಿಂತ ತೀರಾ ಚಿಕ್ಕವನು. ಕೊಳವೆಯನ್ನು ತುಸು ಜೋರಾಗಿ ತಳ್ಳಿದರೆ ಬೊಂಬೆಗೆ ಜೋಡಿಸಿದ ಕಂಪ್ಯೂಟರ್ ನರಳುತ್ತಿತ್ತು, ಅದೂ ಇಂಗ್ಲಿಷಿನಲ್ಲಿ. "ಮೇಡಂ, ಪೇಷೆಂಟ್ ನೋವು ಅಂತಿದಾರೆ" ಎಂದು ಅವನು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ದಿನಗಳಲ್ಲಿ ಜಕ್ಕೂರಿನ ಮನೆಯಲ್ಲಿ ಅಮ್ಮನಿಗೆ ಮುದ್ದೆ ಇಳಿಯುವುದು ನಿಂತಿತು. ಚಿಕ್ಕಂದಿನಲ್ಲಿ ನಾವು ಮುದ್ದೆ ಅಗಿದರೆ, "ನುಂಗ್ಬೇಕು ಕಣೇ, ಅಗಿಯಾಕೆ ಅದೇನು ಚಕ್ಲೀನಾ?" ಎಂದು ಬೈಯುತ್ತಿದ್ದವಳು. ಈಗ ಅವಳೇ ಎದೆ ಒತ್ತಿಕೊಂಡು "ಇಳೀತಿಲ್ಲ ಕಣೇ" ಎನ್ನುತ್ತಿದ್ದಳು. ಊಟ ಗಂಜಿಗೆ ಬಂತು, ರವಿಕೆಗಳೆಲ್ಲ ಸಡಿಲವಾದವು. ಆ ವಯಸ್ಸಿನಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ ಎಂದರೆ ಡಾಕ್ಟರುಗಳ ಮನಸ್ಸಿಗೆ ಮೊದಲು ಬರುವುದು ಕ್ಯಾನ್ಸರ್. ನನಗೂ ಅದೇ ಬಂತು, ತುಂಬ ಹೆದರಿದೆ. ಒಳಗೆ ನೋಡದೆ ಏನೂ ಹೇಳುವಂತಿರಲಿಲ್ಲ. ಅಮ್ಮ ಮಾತ್ರ, "ಪೈಪ್ ಆಕಿದ್ರೆ ಉಸ್ರು ಕಟ್ಕೊಂಡು ಸತ್ತೋಯ್ತೀನಿ" ಎಂದು ಹಟ ಹಿಡಿದು ಕೂತಳು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಮಾತು ಅವಳ ಹತ್ತಿರ ನಡೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ಸಿಟ್ಟು ಬಂದು ಒಂದು ಶನಿವಾರ ಅವಳನ್ನೇ ತರಬೇತಿಗೆ ಕರೆದುಕೊಂಡು ಹೋದೆ. ಕಣ್ಣಾರೆ ಕಂಡರಾದರೂ ಭಯ ಬಿಟ್ಟೀತು ಎಂಬ ಆಸೆ.

ನಾನು ಪರದೆ ನೋಡುತ್ತ ಬೊಂಬೆಯ ಬಾಯೊಳಕ್ಕೆ ಕೊಳವೆ ಹಾಕಿದೆ.

"ಅಯ್ಯೋ ನಿನ್ನ! ಒಂದ್ ಮಾತು ಏಳ್ದೆ ಇಂಗಾ ತುರುಕಾದು?"

"ಅಮ್ಮ, ಅದು ಬೊಂಬೆ."

"ಬೊಂಬೆಗೆ ಇಂಗೆ ಮಾಡಿ ಮಾಡಿ ನಾಳೆ ಮನುಷ್ಯರಿಗೂ ಇಂಗೇ ಮಾಡ್ತೀಯ."

ಹೀಗೆಂದು ಅವಳು ಬೊಂಬೆಯ ಹಣೆ ಮೇಲೆ ಕೈಯಿಟ್ಟು ಬಗ್ಗಿದಳು. "ಆ ಮಾಡು ಕಂದ... ಗುಳುಂ ಮಾಡು." ನಮಗೆ ತುತ್ತು ಕೊಡುವಾಗ ಹೇಳುತ್ತಿದ್ದ ಮಾತು. ಹೇಳುವಾಗ ಅವಳ ಬಾಯಿಯೂ ತೆರೆಯಿತು, ಅವಳ ಗಂಟಲೂ ಗುಳುಕ್ಕೆಂದಿತು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

ಹುಡುಗ ಡಾಕ್ಟರು ನಗಲಿಲ್ಲ. "ನಾವು ಹೇಳೋದೂ ಅದೇ ಅಮ್ಮ. ಗಂಟಲ ಹತ್ರ ಬಂದಾಗ ನೀವು ನುಂಗಿದ್ರೆ ಸಲೀಸಾಗಿ ಹೋಗುತ್ತೆ. ಉಸಿರಾಡೋ ದಾರಿನೇ ಬೇರೆ."

ಅಮ್ಮ ಕೊಳವೆಯನ್ನು ತನ್ನ ಬೆರಳಿನ ಪಕ್ಕ ಹಿಡಿದು ನೋಡಿದಳು. "ಮುದ್ದೆ ತುತ್ತಿಗಿಂತ ಸಣ್ದು" ಎಂದಳು. ಆಮೇಲೆ, "ನೀನೇ ಆಕಪ್ಪ. ಇವಳು ಬ್ಯಾಡ. ಇವಳು ನನ್ ತಲೆ ಇಡ್ಕೊಳ್ಲಿ."

ಮುಂದಿನ ವಾರ ಅವನ ಆಸ್ಪತ್ರೆಯಲ್ಲಿ ಅಮ್ಮ ಮಗ್ಗುಲಾಗಿ ಮಲಗಿದಳು. ಕೊಳವೆ ಗಂಟಲಿಗೆ ಬಂದಾಗ ಕಣ್ಣರಳಿಸಿ ನನ್ನ ಮುಂಗೈ ಹಿಡಿದಳು. ಪೇಷೆಂಟಿಗೆ ಹೇಳಬೇಕೆಂದು ಕಲಿತ ವಾಕ್ಯಗಳೆಲ್ಲ ನನಗೆ ಮರೆತೇಹೋದವು. "ಗುಳುಂ ಮಾಡಮ್ಮ" ಎಂದೆ. ಅಮ್ಮ ನುಂಗಿದಳು. ನಾನೂ ನುಂಗಿದೆ.

ಗಡ್ಡೆ ಇರಲಿಲ್ಲ. ವರ್ಷಗಳಿಂದ ಹೊಟ್ಟೆಯ ಹುಳಿ ಮೇಲೆ ಬಂದು ಸುಟ್ಟು ಅನ್ನನಾಳ ಒಂದು ಕಡೆ ಕಿರಿದಾಗಿತ್ತು. ಅಲ್ಲಿಂದ ತೆಗೆದು ಪರೀಕ್ಷೆಗೆ ಕಳಿಸಿದ ಚೂರಿನಲ್ಲೂ ಕೆಟ್ಟದ್ದೇನೂ ಸಿಗಲಿಲ್ಲ. ಅದನ್ನು ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಅವನೇ ಕಿರಿದಾದ ಜಾಗವನ್ನು ಮೆಲ್ಲಗೆ ಹಿಗ್ಗಿಸಿಕೊಟ್ಟ.

ಮೆತ್ತಗಿನ ಊಟದ ದಿನಗಳು ಮುಗಿದ ಮೇಲೆ ಮನೆಯಲ್ಲಿ ಮುದ್ದೆ ತೊಳಸಿದೆ. ಅಮ್ಮ ಪುಟ್ಟ ತುತ್ತು ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ನಾನು ಅವಳ ಗಂಟಲನ್ನೇ ನೋಡುತ್ತ ಕೂತಿದ್ದೆ.

"ಇಳೀತು ಕಣೇ" ಎಂದು ಕಣ್ಣು ಬಿಟ್ಟಳು. ನನ್ನ ಮುಖ ನೋಡಿ ನಕ್ಕಳು. "ನೀನ್ಯಾಕೆ ಆ ಮಾಡ್ಕೊಂಡು ಕೂತಿದ್ದೀಯ? ಬಾಯಿ ಮುಚ್ಚು, ನೊಣ ಓಯ್ತದೆ."